ಎಡಿಎಚ್‌ಡಿ ಇರುವ ಆರೋಪಿಗೆ ವಾರಂಟ್: ಕೋರ್ಟಿನಲ್ಲಿ ಏನು ಹೇಳಬೇಕು?

ಜಯನಗರ_ಜೂನಿಯರ್:
ಹೊಡೆದಾಟದ ಕೇಸು, ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟ್. ಆರೋಪಿಗೆ 23 ವರ್ಷ, ನಿಮ್ಹಾನ್ಸ್‌ನಲ್ಲಿ ಎಡಿಎಚ್‌ಡಿಗೆ (ಗಮನ ನಿಲ್ಲದ, ತಡೆದುಕೊಳ್ಳಲಾಗದ ತೊಂದರೆ) ಚಿಕಿತ್ಸೆ, ಅದಕ್ಕೆ ಮೀಥೈಲ್‌ಫೆನಿಡೇಟ್ ಮಾತ್ರೆ. ಜಾಮೀನಿನ ಮೇಲಿದ್ದವನು ಎರಡು ಡೇಟ್ ತಪ್ಪಿಸಿದ್ದಕ್ಕೆ ಜಾಮೀನುರಹಿತ ವಾರಂಟ್ ಆಗಿದೆ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 22, ಅಂದರೆ ಬುದ್ಧಿಸ್ಥಿಮಿತವಿಲ್ಲದವನ ಕೃತ್ಯ ಅಪರಾಧವಲ್ಲ ಎಂಬುದನ್ನು ಹಿಡಿದರೆ ಕೇಸೇ ಬಿದ್ದುಹೋಗುತ್ತದೆ ಎನ್ನುತ್ತಾರೆ. ಹೌದೇ ಸರ್?

ಬನಶಂಕರಿ_ವಕೀಲ:
22 ಬೇಡವೇ ಬೇಡ. ಕೃತ್ಯದ ಹೊತ್ತಿಗೆ ಬುದ್ಧಿಸ್ಥಿಮಿತವಿಲ್ಲದೆ ತಾನೇನು ಮಾಡುತ್ತಿದ್ದೇನೆ ಎಂಬುದೋ ಅದು ತಪ್ಪು ಎಂಬುದೋ ತಿಳಿಯದ ಸ್ಥಿತಿ ಇತ್ತೆಂದು ಆರೋಪಿಯೇ ತೋರಿಸಬೇಕು. ಎಡಿಎಚ್‌ಡಿ ಇರುವವನಿಗೆ ತಿಳಿದಿರುತ್ತದೆ. ಆ ಕ್ಷಣಕ್ಕೆ ತಡೆದುಕೊಳ್ಳುವುದು, ದಿನ-ಹೊತ್ತು ನೆನಪಿಡುವುದು ಕಷ್ಟ. ಬುದ್ಧಿಸ್ಥಿಮಿತವಿಲ್ಲ ಎಂದು ಬರೆಸಿ ಆ ಹುಡುಗನಿಗೆ ಅನ್ಯಾಯ ಮಾಡಬೇಡಿ.

ಮೊದಲು ವಾರಂಟ್ ನೋಡಿ. ರದ್ದಾಗುವವರೆಗೂ ಅದು ಜೀವಂತ, ಯಾವ ದಿನವಾದರೂ ಎತ್ತಿಕೊಂಡು ಹೋಗಬಹುದು. ಮುಂದಿನ ಡೇಟ್‌ಗೆ ಕಾಯದೆ ಕೇಸ್ ಅಡ್ವಾನ್ಸ್ ಮಾಡಿಸಿ (ಮೊದಲೇ ಕೈಗೆತ್ತಿಕೊಳ್ಳುವಂತೆ ಕೇಳಿ), ಅವನನ್ನು ಕರೆದುಕೊಂಡೇ ಹೋಗಿ, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 72(2)ರಡಿ ರೀಕಾಲ್ ಅರ್ಜಿ, ಅಂದರೆ ವಾರಂಟ್ ರದ್ದು ಮಾಡಲು ಅರ್ಜಿ ಹಾಕಿ. ‘ಹುಷಾರಿರಲಿಲ್ಲ’ ಎಂಬ ಒಂದು ಸಾಲು ಸಾಲದು. ಚಿಕಿತ್ಸೆ ಯಾವಾಗಿನಿಂದ, ಡೇಟ್ ತಪ್ಪುವುದಕ್ಕೂ ಲಕ್ಷಣಕ್ಕೂ ಏನು ಸಂಬಂಧ ಎಂದು ಡಾಕ್ಟರಿಂದ ಬರೆಸಿ. ಅದಕ್ಕಿಂತ ಮುಖ್ಯ, ಇನ್ನು ತಪ್ಪದಂತೆ ಏನು ಏರ್ಪಾಡು ಎಂದು ಅಫಿಡವಿಟ್‌ನಲ್ಲಿ ಹೇಳಿ: ಮನೆಯವರೊಬ್ಬರು ಹೊಣೆ, ಅವರ ಫೋನಿನ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ನಂಬರ್, ಹಿಂದಿನ ಸಂಜೆ ನಿಮ್ಮ ಆಫೀಸಿನಿಂದ ಒಂದು ಕರೆ. ಜಾಮೀನು ಬಾಂಡಿನ ಹಣ ಜಪ್ತಿ ಮಾಡುವ ನೋಟಿಸ್ (ಬಿಎನ್‌ಎಸ್‌ಎಸ್ 491) ಬಂದಿದೆಯೇ ನೋಡಿಕೊಳ್ಳಿ. ಸಾಕಷ್ಟು ಕಾರಣವಿಲ್ಲದೆ ಗೈರಾದರೆ ಬಿಎನ್‌ಎಸ್ 269ರಲ್ಲಿ 1 ವರ್ಷದವರೆಗೆ ಶಿಕ್ಷೆ ಇದೆ.

ಕೋರ್ಟ್ ಹಾಲಿನಲ್ಲಿ ಗಂಟೆಗಟ್ಟಲೆ ಕೂರಲಾರ, ಹೊರಗೆ ಹೋಗಿರುತ್ತಾನೆ, ಅಷ್ಟರಲ್ಲಿ ಹೆಸರು ಕೂಗುತ್ತಾರೆ. ಕೂಡಲೇ ಪಾಸ್ ಓವರ್ (ಅದೇ ದಿನ ಸ್ವಲ್ಪ ಹೊತ್ತಿನ ನಂತರ ಮತ್ತೆ ಕೂಗಿಸುವುದು) ಕೇಳಿ.

ತನಿಖೆ_ಓದುಗ:
ಠಾಣೆಯಲ್ಲಿ ಏನು ಹೇಳಿದ್ದಾನೆ ಎಂಬುದನ್ನೂ ತೆಗೆದು ನೋಡಿ. ಉದ್ದನೆಯ ವಿಚಾರಣೆಯಲ್ಲಿ ಇಂಥವರು ‘ಗೊತ್ತಿಲ್ಲ’ ಎನ್ನುತ್ತಾ ಹೋದರೆ ಸುಳ್ಳು ಎಂದುಕೊಳ್ಳುತ್ತಾರೆ. ಮುಗಿದರೆ ಸಾಕೆಂದು ‘ಹೂಂ ಸಾರ್’ ಎಂದುಬಿಡುವುದೂ ಉಂಟು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 23ರಂತೆ ನಡೆಯುವುದಿಲ್ಲ, ಆದರೆ ಅವನ ಮಾತಿನಿಂದ ದೊಣ್ಣೆ ಸಿಕ್ಕಿತೆಂದು ಪಂಚನಾಮೆ ಇದ್ದರೆ ಅಷ್ಟು ಭಾಗ ಸಾಕ್ಷ್ಯವಾಗಿ ಬರುತ್ತದೆ. ಠಾಣೆಯ ಸಿಸಿಟಿವಿ ದೃಶ್ಯ ಬೇಕೆಂದು ಈಗಲೇ ಅರ್ಜಿ ಹಾಕಿ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯ ಉಳಿಸಬೇಕು ಎಂಬ 2020ರ ಸುಪ್ರೀಂ ಕೋರ್ಟ್ ಆದೇಶವಿದ್ದರೂ ಹಳೆಯ ದೃಶ್ಯ ಅಳಿಸಿಹೋಗುತ್ತದೆ. ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕು ಬಿಎನ್‌ಎಸ್‌ಎಸ್ 38ರಲ್ಲಿದೆ.

ಜಯನಗರ_ಜೂನಿಯರ್:
ರೀಕಾಲ್ ಆಗದೆ ಪರಪ್ಪನ ಅಗ್ರಹಾರಕ್ಕೆ ಹೋದರೆ ಮಾತ್ರೆ?

ಬನಶಂಕರಿ_ವಕೀಲ:
ಮನೆಯಿಂದ ಕೊಟ್ಟು ಬರಬಹುದೆಂದು ನಂಬಬೇಡಿ. ಮೀಥೈಲ್‌ಫೆನಿಡೇಟ್ ಎನ್‌ಡಿಪಿಎಸ್ (ಮಾದಕ ವಸ್ತು ಕಾಯ್ದೆ) ಪಟ್ಟಿಯಲ್ಲಿರುವ ಔಷಧ, ಚೀಟಿಯಿಲ್ಲದೆ ಜೇಬಿನಲ್ಲಿ ಸಿಕ್ಕರೆ ಇನ್ನೊಂದು ತೊಂದರೆ. ಕಸ್ಟಡಿಗೆ ಕೊಡುವ ಹೊತ್ತಿನಲ್ಲೇ ಔಷಧದ ಹೆಸರು, ಮಿಲಿಗ್ರಾಂ, ಕೊಡುವ ವೇಳೆ ಬರೆದು, ಜೈಲು ವೈದ್ಯರ ಮೂಲಕ ಕೊಡಿಸುವಂತೆ ಮೆಮೊ ಹಾಕಿ ಆದೇಶ ಪಡೆಯಿರಿ. ಸಾಮಾನ್ಯ ಮಾತ್ರೆಯ ಪರಿಣಾಮ 3-4 ಗಂಟೆ ಅಷ್ಟೇ, ಕೋರ್ಟಿಗೆ ಕರೆತರುವ ದಿನ ವೇಳೆ ತಪ್ಪಿದರೆ ಕಟಕಟೆಯಲ್ಲಿ ಅವನ ಗಮನ ನಿಲ್ಲುವುದಿಲ್ಲ.

ವಿಚಾರಣೆ ಬಿಎನ್‌ಎಸ್‌ಎಸ್ 351ರ ಹೇಳಿಕೆಯವರೆಗೆ, ಅಂದರೆ ಸಾಕ್ಷ್ಯದ ಬಗ್ಗೆ ಕೋರ್ಟೇ ಆರೋಪಿಯನ್ನು ಪ್ರಶ್ನಿಸುವ ಹಂತಕ್ಕೆ ಬಂದರೆ (ಹಳೆಯ ಸಿಆರ್‌ಪಿಸಿ 313) ನಾಲ್ಕು ಸಾಕ್ಷಿಗಳ ಮಾತು ಸೇರಿಸಿ ಒಂದೇ ಪ್ರಶ್ನೆ ಮಾಡಲು ಬಿಡಬೇಡಿ. ಉಪವಿಧಿ 5ರಲ್ಲಿ ಲಿಖಿತ ಹೇಳಿಕೆಗೆ ಅನುಮತಿ ಕೇಳಬಹುದು. ಅವನ ಜೊತೆ ಕೂತು, ಒಂದೊಂದೇ ಪ್ರಶ್ನೆ ಓದಿ ಬರೆಸಿ.