ಎಸ್‌ಕೆಎ ಮುನ್ನಂದಾಜು: ಗೆಲಾಕ್ಸಿ ಎಣಿಸಲೇ, ನಕ್ಷೆ ಬರೆಯಲೇ?

ಎರಡನೇ ವರ್ಷದವಳು: ದಕ್ಷಿಣ ಆಫ್ರಿಕಾದಲ್ಲಿ ಕಟ್ಟುತ್ತಿರುವ ಎಸ್‌ಕೆಎ-ಮಿಡ್ ರೇಡಿಯೊ ದೂರದರ್ಶಕ ಡಾರ್ಕ್ ಎನರ್ಜಿಯನ್ನು (ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುವ ಕಾಣದ ಶಕ್ತಿಯನ್ನು) ಎಷ್ಟು ನಿಖರವಾಗಿ ಅಳೆದೀತು ಎಂದು ಪಿಎಚ್‌ಡಿಗೆ ಅಂದಾಜು ಮಾಡಬೇಕಿದೆ. ಹೈಡ್ರೋಜನ್ ಗೆಲಾಕ್ಸಿಗಳನ್ನು ಒಂದೊಂದಾಗಿ ಎಣಿಸುವ ಸಮೀಕ್ಷೆಯೋ, ಗೆಲಾಕ್ಸಿಗಳನ್ನು ಬಿಡಿಸಿ ನೋಡದೆ ಹೈಡ್ರೋಜನ್‌ನ ಒಟ್ಟು ರೇಡಿಯೊ ಹೊಳಪನ್ನು ಬರೆಯುವ 21 ಸೆಂಟಿಮೀಟರ್ ತೀವ್ರತೆಯ ನಕ್ಷೆಯೋ? ಮೂರು ತಿಂಗಳಿದೆ. ಮಾಡಿದವರು ಅನುಭವ ತಿಳಿಸಿ.

ಹಳೆಯ ಎಣಿಕೆಗಾರ: ನಾನು ಎಣಿಕೆಯನ್ನೇ ನಂಬಿದವನು, ಅದರಿಂದಲೇ ಹೊಡೆತ ತಿಂದವನು. 14 ತಿಂಗಳು ಕುಳಿತು 254 ಡಿಶ್‌ಗಳಿಗೆ ಲೆಕ್ಕ ಹಾಕಿದ್ದೆ. 2015ರ ಮಾರ್ಚ್‌ನಲ್ಲಿ ಯೋಜನೆಗೆ ಕತ್ತರಿ ಬಿತ್ತು. ಅಲ್ಲಿನದೇ ಮೀರ್‌ಕ್ಯಾಟ್ ದೂರದರ್ಶಕದ 64 ಸೇರಿ ಉಳಿದದ್ದು 197. ಆಸ್ಟ್ರೇಲಿಯಾದ ಸರ್ವೇ ದೂರದರ್ಶಕವನ್ನು ಪಕ್ಕಕ್ಕಿಟ್ಟರು. ಡಿಶ್ ಕಾಲುಭಾಗ ಹೋದರೆ ಗೆಲಾಕ್ಸಿಯೂ ಕಾಲುಭಾಗ ಹೋಗುತ್ತದೆ ಎಂದುಕೊಳ್ಳಬೇಡಿ. ದೂರದಲ್ಲಿ ಕಾಣುವುದು ಹೈಡ್ರೋಜನ್ ತುಂಬಿತುಳುಕುವ ದೈತ್ಯರು ಮಾತ್ರ, ಅವರೇ ವಿರಳ. ಕಾಣಲು ಬೇಕಾದ ಕನಿಷ್ಠ ಹೊಳಪಿನ ಮಿತಿ ತುಸು ಏರಿದರೂ ಎಣಿಕೆ ಪಾತಾಳಕ್ಕೆ. ಕೆಂಪುಪಲ್ಲಟ (ಹೆಚ್ಚಿದಷ್ಟೂ ದೂರ) 0.4ರ ಆಚೆಗಿದ್ದ ನನ್ನ ನಾಲ್ಕು ಕೋಷ್ಟಕಗಳು ಕಸದ ಬುಟ್ಟಿ ಸೇರಿದವು. ಆದರೂ ಎಣಿಕೆಯೇ ಪ್ರಾಮಾಣಿಕ.

ನಕ್ಷೆಯವಳು: ಪ್ರಾಮಾಣಿಕತೆಯಂತೆ! 5,000 ಚದರ ಡಿಗ್ರಿಗೆ 10,000 ಗಂಟೆ ಸುರಿದು 0.4ರಲ್ಲಿ ಮುಗ್ಗರಿಸುವುದಕ್ಕಿಂತ ಮಸುಕು ನಕ್ಷೆ ಮೇಲು, 3ರ ತನಕ ಹೋಗುತ್ತದೆ. ನನ್ನ ಪೆಟ್ಟು ಬೇರೆ. ಹಾಲುಹಾದಿಯ ಸಿಂಕ್ರೊಟ್ರಾನ್ ಹೊಳಪು (ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳ ರೇಡಿಯೊ ಬೆಳಕು) ನಮ್ಮ ಸಂಕೇತಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಅದನ್ನು ‘ಪೂರ್ತಿ ತೆಗೆದಿದೆ ಎಂದು ಭಾವಿಸೋಣ’ ಎಂದು ಒಂದು ಸಾಲು ಬರೆದೆ. ಪರಿಶೀಲಕರು ಆ ಸಾಲಿಗೆ ಎರಡು ಪುಟ ಬೈದರು. ತೆಗೆಯುವಾಗ ದೃಷ್ಟಿರೇಖೆಯುದ್ದದ ನಮ್ಮ ಸಂಕೇತದ ದೊಡ್ಡ ಅಲೆಗಳೂ ಕೊಚ್ಚಿಹೋಗುತ್ತವೆ. ಮೇಲಾಗಿ 15 ಮೀಟರ್ ಡಿಶ್‌ನ ಕಣ್ಣು, ಕೆಂಪುಪಲ್ಲಟ 1ರಲ್ಲಿ, ಸುಮಾರು ಒಂದೂವರೆ ಡಿಗ್ರಿಯಷ್ಟು ಮಬ್ಬು. ಎಲ್ಲ ಸೇರಿಸಿದ ಮೇಲೆ ನನ್ನ ದೋಷ ದುಪ್ಪಟ್ಟಾಯಿತು.

ಹಳೆಯ ಎಣಿಕೆಗಾರ: ನಾನು ಹೇಳಿದ್ದೂ ಅದನ್ನೇ.

ನಕ್ಷೆಯವಳು: ದುಪ್ಪಟ್ಟಾದರೂ ನಿಮ್ಮದಕ್ಕಿಂತ ಚಿಕ್ಕದು.

ಹೆಜ್ಜೆ ತಪ್ಪಿದವ: ಇಬ್ಬರೂ ಫಿಶರ್ ಮ್ಯಾಟ್ರಿಕ್ಸ್‌ನ, ಅಂದರೆ ಅಳತೆಯ ದೋಷವನ್ನು ಮುಂಚೆಯೇ ಅಂದಾಜಿಸುವ ಕೋಷ್ಟಕದ, ಸುದ್ದಿ ಎತ್ತಲಿಲ್ಲ. ಅದಕ್ಕೆ ಬೇಕಾದ, ನ್ಯೂಟ್ರಿನೊ ಕಣದ ರಾಶಿಯ ಅವಕಲನಕ್ಕೆ (ರಾಶಿ ತುಸು ಬದಲಾದರೆ ಸಂಕೇತ ಎಷ್ಟು ಬದಲಾಗುತ್ತದೆ ಎಂಬ ಲೆಕ್ಕಕ್ಕೆ) ನಾನು ಎರಡೂ ಬದಿಗೆ ಹೆಜ್ಜೆ ಇಟ್ಟೆ. ಸೊನ್ನೆಯ ಹತ್ತಿರ ಎಡಕ್ಕಿಟ್ಟರೆ ರಾಶಿ ಋಣ! ಪ್ರೋಗ್ರಾಂ ದೂರು ಹೇಳಲಿಲ್ಲ, ಸುಮ್ಮನೆ ಏನೋ ಒಂದು ಸಂಖ್ಯೆ ಉಗುಳಿತು. ಹೆಜ್ಜೆಯನ್ನು 0.01ರಿಂದ 0.001ಕ್ಕೆ ಇಳಿಸಿದಾಗ ಉತ್ತರ ಮೂರು ಪಟ್ಟು ಬದಲಾಯಿತು. ಗೊತ್ತಾಗುವಷ್ಟರಲ್ಲಿ ಆರು ವಾರ ಮತ್ತು ಒಂದು ದೀಪಾವಳಿ ಹೋಗಿತ್ತು. ಮನೆಯಿಂದ ಬಂದ ಚಕ್ಕುಲಿಯನ್ನು ಸರ್ವರ್ ಕೋಣೆಯಲ್ಲೇ ತಿಂದೆ.

ಕೆರೆದಂಡೆ: ನಿಮ್ಮಲ್ಲಿ ಒಬ್ಬರೂ ತಂತಿ ಮುಟ್ಟಿದವರಲ್ಲ. ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ಸಾರಸ್ 3 ರೇಡಿಯೊ ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಸಿದ್ದೇಕೆ? ಆಂಟೆನಾದ ಕೆಳಗಿನ ನೆಲ ಅಳತೆಯನ್ನು ಕೆಡಿಸುತ್ತದೆ, ನೀರು ಏಕರೂಪವಾಗಿರುತ್ತದೆ ಎಂದು. ಆ ನೆಲ ನಿಮ್ಮ ಯಾವ ಮ್ಯಾಟ್ರಿಕ್ಸ್‌ನಲ್ಲಿದೆ?

ನಕ್ಷೆಯವಳು: ಸಾರಸ್ ಹುಡುಕಿದ್ದು ಮೊದಲ ನಕ್ಷತ್ರಗಳ ಕಾಲದ, ಇಡೀ ಆಕಾಶದ ಸರಾಸರಿ ಸಂಕೇತವನ್ನು. ಸಮೀಕ್ಷೆಗೂ ಅದಕ್ಕೂ ಎಲ್ಲಿಯ ಸಂಬಂಧ?

ಕೆರೆದಂಡೆ: ಹೈಡ್ರೋಜನ್ ಅದೇ, ತಾಯಿ.

ಪದಪ್ರೇಮಿ: ಅದಿರಲಿ, ಗೆಲಾಕ್ಸಿ ಏಕೆ? ನಕ್ಷತ್ರಪುಂಜ ಎನ್ನಬಾರದೇ?

ಹಳೆಯ ಎಣಿಕೆಗಾರ: ಪುಂಜವೆಂದರೆ ಸಪ್ತರ್ಷಿಮಂಡಲದಂಥದ್ದು. ಅದನ್ನು ಎಣಿಸಲು 197 ಡಿಶ್ ಬೇಡ, ಅಂಗಳ ಸಾಕು.

ಎರಡನೇ ವರ್ಷದವಳು: ಹೆಜ್ಜೆ 0.001 ಎಂದಿರಲ್ಲ, ಅದು ಎಲೆಕ್ಟ್ರಾನ್ ವೋಲ್ಟ್‌ನಲ್ಲೇ?