ಅಪ್‌ಡೇಟ್: ಚಾರ್ಜರ್ ಕರೆಂಟ್ ಕೊನೆಗೂ ಹಿಡಿತಕ್ಕೆ ಬಂತು

ಹೋದ ಸಲ ಕೇಳಿದ್ದು ಇಷ್ಟು: 12 ವೋಲ್ಟ್, 7 ಆಂಪಿಯರ್-ಅವರ್ ಸೀಲ್ಡ್ ಲೆಡ್-ಆ್ಯಸಿಡ್ ಬ್ಯಾಟರಿಗೆ ನನ್ನ ಹಳೇ ಚಾರ್ಜರ್ ಶುರುವಿನಲ್ಲೇ 4 ಆಂಪಿಯರ್ ತುಂಬುತ್ತಿತ್ತು. ಬ್ಯಾಟರಿ ಮೇಲೆ ಬರೆದಿರುವ ಮಿತಿ 2.1. ಮುಟ್ಟಿದರೆ ಬಿಸಿ. ಕರೆಂಟ್ ಇಳಿಸುವುದು ಹೇಗೆ?

ಮೊದಲು ಎಲ್‌ಎಂ317 (ವೋಲ್ಟೇಜ್ ಅಥವಾ ಕರೆಂಟನ್ನು ಒಂದೇ ಮಟ್ಟದಲ್ಲಿಡುವ ಪುಟ್ಟ ಐಸಿ) ಹಾಕಿ ನೋಡಿದೆ. ಅದು ರೆಸಿಸ್ಟರ್ ಮೇಲೆ ಕಾಯ್ದುಕೊಳ್ಳುವ 1.25 ವೋಲ್ಟನ್ನು ಬೇಕಾದ ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟರ್ ಎಷ್ಟು ಅಂತ ಸಿಗುತ್ತದೆ. ನನಗೆ ಬೇಕಿದ್ದ 0.7 ಆಂಪಿಯರ್‌ಗೆ 1.8 ಓಮ್. ಲೆಕ್ಕ ಸರಿ, ಕೆಲಸ ಮಾತ್ರ ಆಗಲಿಲ್ಲ. ಐಸಿ, ರೆಸಿಸ್ಟರ್ ಎರಡೂ ಸೇರಿ ಸುಮಾರು 3 ವೋಲ್ಟ್ ತಾವೇ ನುಂಗುತ್ತವೆ. ಚಾರ್ಜರ್ ಕೊಡುವುದೇ 14.4 ಅಲ್ವಾ? ಬ್ಯಾಟರಿ 12 ವೋಲ್ಟ್ ಹತ್ತಿರ ಬರುವಷ್ಟರಲ್ಲಿ ಕರೆಂಟ್ ಬಿದ್ದೇಹೋಯಿತು.

ಆಮೇಲೆ, ಒಬ್ಬರು ಹೇಳಿಕೊಟ್ಟಂತೆ, ಚಾರ್ಜರ್ ಮತ್ತು ಬ್ಯಾಟರಿ ನಡುವೆ ಸೀರೀಸ್‌ನಲ್ಲಿ 12 ವೋಲ್ಟ್, 21 ವ್ಯಾಟ್ ಫಿಲಮೆಂಟ್ ಬಲ್ಬ್. ಇದು ನಿಜಕ್ಕೂ ಇಷ್ಟವಾಯಿತು. ಫಿಲಮೆಂಟ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ, ಹಾಗಾಗಿ ಕರೆಂಟ್ ತಾನಾಗೇ ಅಂಕೆಯಲ್ಲಿರುತ್ತದೆ. ಆದರೆ ಬ್ಯಾಟರಿ ತುಂಬುತ್ತಾ ಬಂದಂತೆ ತುಂಬಾ ನಿಧಾನ.

ಈಗ ಖಾಯಂ ಮಾಡಿಕೊಂಡಿರುವುದು 19 ವೋಲ್ಟ್ ಲ್ಯಾಪ್‌ಟಾಪ್ ಅಡಾಪ್ಟರ್, ಅದರ ಮುಂದೆ ವೋಲ್ಟೇಜ್, ಕರೆಂಟ್ ಎರಡನ್ನೂ ಬೇರೆ ಬೇರೆ ಹೊಂದಿಸಬಹುದಾದ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸಿ ಕೊಡುವ ಸರ್ಕ್ಯೂಟ್). ಬ್ಯಾಟರಿ ಜೋಡಿಸದೆ 14.4 ವೋಲ್ಟ್‌ಗೆ ತಂದೆ. ಕರೆಂಟ್ ಸ್ಕ್ರೂ ಪೂರ್ತಿ ಇಳಿಸಿ, ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿಟ್ಟು ಔಟ್‌ಪುಟ್‌ಗೆ ಹಿಡಿದು, ಮೆಲ್ಲಗೆ 0.7ಕ್ಕೆ ಏರಿಸಿದೆ. ಬ್ಯಾಟರಿ ಕಡೆ 2 ಆಂಪಿಯರ್ ಫ್ಯೂಸ್ ಇದೆ. ಇದನ್ನು ದಯವಿಟ್ಟು ಯಾರೂ ಬಿಡಬೇಡಿ.

ಬ್ಯಾಟರಿ ಈಗ ತಣ್ಣಗಿರುತ್ತದೆ. ಕರೆಂಟ್ 0.1 ಆಂಪಿಯರ್ ಹತ್ತಿರ ಇಳಿದಾಗ ತೆಗೆಯುತ್ತೇನೆ. ದಿನಗಟ್ಟಲೆ ಹಾಗೇ ಬಿಡುವುದಾದರೆ ವೋಲ್ಟೇಜನ್ನು 13.6ಕ್ಕೆ ಇಳಿಸುತ್ತೇನೆ. ಬಲ್ಬ್ ಉಪಾಯ ಹೇಳಿದವರಿಗೆ ವಿಶೇಷ ಧನ್ಯವಾದ.