ಇಬ್ಬರನ್ನು ದೂರ ನಿಲ್ಲಿಸಿದರೂ ಮರದಚ್ಚಿನಲ್ಲಿ ಒಂಟಿತನ ಬರ್ತಿಲ್ಲ, ಏನು ತಪ್ಪು?

ಪ್ರಶ್ನೆ (ಕೆರೆಏರಿ):
ಎಕ್ಸ್‌ಪ್ರೆಷನಿಸ್ಟ್ (ಕಂಡದ್ದಕ್ಕಿಂತ ಒಳಗಿನ ಭಾವ ಮುಖ್ಯ ಅನ್ನೋ) ರೀತಿಯ ಮರದಚ್ಚು, ಅಂದರೆ ಹಲಗೆ ಕೆತ್ತಿ ಮಸಿ ಹಚ್ಚಿ ಕಾಗದಕ್ಕೆ ಒತ್ತುವ ಚಿತ್ರ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನೀರು ನೋಡ್ತಾ ನಿಂತ ಗಂಡ-ಹೆಂಡತಿ. 6 ಮಿ.ಮೀ. ಪ್ಲೈವುಡ್, 30×40 ಸೆಂ.ಮೀ. ನಡುವೆ ಗೇಣು ಜಾಗ ಬಿಟ್ಟರೂ ಬಸ್ಸಿಗೆ ಕಾಯುವವರ ಥರ ಕಾಣ್ತಾರೆ. ಮುಖ ಈ ಕಡೆ ತಿರುಗಿಸಿ ಅಳು ತಂದರೆ ಕಂಪನಿ ನಾಟಕ.

ಮಸಿರೋಲರ್:
ಗೇಣು ಜಾಗವೇ ತಪ್ಪು. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್‌ನ 1899ರ ಮರದಚ್ಚು ನೋಡಿ: ನಮಗೆ ಬೆನ್ನು ಮಾಡಿ ಸಮುದ್ರ ನೋಡುತ್ತಿರುವ ಒಬ್ಬ ಗಂಡಸು, ಒಬ್ಬ ಹೆಂಗಸು. ನಡುವೆ ಒಂದೆರಡು ಹೆಜ್ಜೆ, ಅಷ್ಟೇ. ಕೆಲಸ ಮಾಡಿರೋದು ಗರಗಸ. ಹಲಗೆಯನ್ನು ಮೂರು ತುಂಡು ಮಾಡಿದ: ಸಮುದ್ರ, ದಡ, ಹೆಂಗಸು. ಗಂಡಸು ದಡದ ತುಂಡಿನಲ್ಲೇ ಉಳಿದ. ಬೇರೆಬೇರೆ ಮಸಿ ಹಚ್ಚಿ, ಜೋಡಿಸಿ, ಒಂದೇ ಸಲ ಒತ್ತಿದರೆ ಗರಗಸ ಓಡಿದ ಸಂದು ಬಿಳಿ ಗೆರೆಯಾಗುತ್ತೆ. ಅವಳನ್ನು ಆ ಗೆರೆ ಪೂರ್ತಿ ಸುತ್ತಿದೆ. ಅವನು ನೆಲಕ್ಕೆ ಬೇರುಬಿಟ್ಟ ಹಾಗಿದ್ದಾನೆ. (ಮುಂಕ್ ಎಕ್ಸ್‌ಪ್ರೆಷನಿಸ್ಟರಿಗೆ ಹಿರಿಯ, ಅವರ ಗುಂಪಿನವನಲ್ಲ. ಆ ಜಗಳ ಇನ್ನೊಂದು ದಿನ.)

ಉಳಿಪೆಟ್ಟು:
ಕೊಯ್ಯೋದು ಹೀಗೆ. ಸಣ್ಣ ಹಲ್ಲಿನ ಫ್ರೆಟ್‌ಸಾ (ಬಳುಕು ಗೆರೆ ಕೊಯ್ಯುವ ಕಿರಿದಾದ ಗರಗಸ) ಅಲಗು, ಹಲ್ಲು ಕೆಳಮುಖ, ಚಿತ್ರದ ಮೈ ಮೇಲೆ. ತಿರುವಿ ಹಾಕಿದರೆ ಚಿತ್ರದ ಕಡೆಯ ಪದರ ಚಕ್ಕೆ ಏಳುತ್ತೆ. ಏರಿಯ ಗೆರೆ ಹಿಡಿದು ಒಂದು ಅಂಚಿನಿಂದ ಹೊರಡಿ, ಇಬ್ಬರ ಹೆಗಲು-ತಲೆ ಬಳಸಿಕೊಂಡು ಇನ್ನೊಂದು ಅಂಚಿಗೆ ಬನ್ನಿ. ಆಮೇಲೆ ಹೆಂಡತಿಯ ಸೀರೆ ಅಂಚಿನ ಕೆಳಗೆ ಇನ್ನೊಂದು ಕೊಯ್ತ. ಗಂಡನನ್ನು ಮುಟ್ಟಬೇಡಿ. ಮೈಸೂರಿನ ಬೀಟೆ ಇನ್‌ಲೇ (ಮರದಲ್ಲಿ ಬೇರೆ ಮರದ ಚೂರು ಕೂರಿಸುವ ಕೆಲಸ) ಮಾಡುವವರಿಗೆ ಸಂದು ಕಂಡರೆ ಕೆಲಸ ಕೆಟ್ಟಂತೆ. ನಿಮಗೆ ಸಂದೇ ಬೇಕು.

ಕೆಡೋದು ಮಸಿಯಲ್ಲಿ. ಜೋಡಿಸಿದ ಮೇಲೆ ರೋಲರ್ ಓಡಿಸಿದರೆ ಮಸಿ ಅಂಚಿಗಿಳಿದು ಬಿಳಿ ಗೆರೆ ಮುಚ್ಚಿಹೋಗುತ್ತೆ. ತುಂಡುಗಳಿಗೆ ಬಿಡಿಬಿಡಿಯಾಗಿ ತೆಳುವಾಗಿ ಹಚ್ಚಿ, ಅಂಚು ಬಟ್ಟೆಯಿಂದ ಒರೆಸಿ. ಕೆಳಗಿನ ಹಲಗೆಗೆ ಮೂಲೆಯಲ್ಲಿ ಎರಡು ಪಟ್ಟಿ ಹೊಡೆದು, ತುಂಡುಗಳನ್ನು ಅದಕ್ಕೆ ಒತ್ತಿ ಕೂರಿಸಿ, ಜಾರಲ್ಲ. ತೆಳು ನೇಪಾಳಿ ಕಾಗದ, ಉಜ್ಜಲು ಚಮಚದ ಬೆನ್ನು ಸಾಕು.

ಕೆರೆಏರಿ:
ಬಣ್ಣ?

ಮಸಿರೋಲರ್:
ಗಂಡನಿಗೂ ಏರಿಗೂ ಒಂದೇ ಕಂದು, ಅವಳಿಗೆ ಬೇರೆ. ಸೂರ್ಯಾಸ್ತದ ಕಿತ್ತಳೆ ಮಾತ್ರ ಬೇಡ, ಕ್ಯಾಲೆಂಡರ್ ಆಗುತ್ತೆ.

ಉಳಿಪೆಟ್ಟು:
ಜರ್ಮನ್ ಎಕ್ಸ್‌ಪ್ರೆಷನಿಸ್ಟ್ ಚಿತ್ರಕಾರ ಕಿರ್ಷ್ನರ್ 1913ರಿಂದ ಬಿಡಿಸಿದ ಬರ್ಲಿನ್ ಬೀದಿಗಳನ್ನೂ ನೋಡಿ. ಅಲ್ಲಿ ಭುಜಕ್ಕೆ ಭುಜ ತಾಗುವಷ್ಟು ಜನ, ಮುಖವಾಡದಂಥ ಮುಖಗಳು. ಒಬ್ಬರ ಕಣ್ಣೂ ಇನ್ನೊಬ್ಬರ ಕಣ್ಣಿಗೆ ಸಿಗಲ್ಲ. ಗೇಣು ಜಾಗ ಮೊದಲು ಎರಡು ಬೆರಳಿಗೆ ಇಳಿಸಿ.